ಕೇಳದೆ ಬಿಟ್ಟವರು

ಇರಣ್ಣನ ಜನರೇಟರ್ ಕೈಕೊಟ್ಟದ್ದು ಸರಿಯಾಗಿ ಬೇಕಾದ ಹೊತ್ತಿಗೇ. ಚಂಡಮಾರುತ ಹೂಸ್ಟನ್ ದಾಟಿಕೊಂಡು ಹೋಗಿತ್ತು. ಹೂಸ್ಟನ್ನಿಗೆ ಅಂಟಿಕೊಂಡ ಮಿಸೌರಿ ಸಿಟಿಯ ಅವನ ಬೀದಿಯಲ್ಲಿ ಕರೆಂಟ್ ಇರಲಿಲ್ಲ. ಒಳಗೆ ಹೆಂಡತಿ ಕಾಶವ್ವನ ಆಕ್ಸಿಜನ್ ಮಷಿನ್ ಸುಮ್ಮನೆ ನಿಂತಿತ್ತು. ಅವಳ ಶ್ವಾಸಕೋಶ ಸೋತು ಬಹಳ ದಿನವಾಗಿತ್ತು. ಮಷಿನ್ ಇಲ್ಲದೆ ಅಡುಗೆಮನೆಯವರೆಗೆ ನಡೆದರೂ ತುಟಿ ನೀಲಿಗಟ್ಟುತ್ತಿತ್ತು. ಮನೆಯಲ್ಲಿದ್ದ ಸಿಲಿಂಡರ್ ಸಂಜೆವರೆಗೆ ಬಂದರೆ ಹೆಚ್ಚು. ಆಸ್ಪತ್ರೆಗೆ ಹೋಗೋಣವೆಂದರೆ ದಾರಿಯಲ್ಲೆಲ್ಲ ನೀರು, ಫೋನ್ ಮಾಡೋಣವೆಂದರೆ ಸಿಗ್ನಲ್ ಇಲ್ಲ. ಇಳಕಲ್ಲಿನಿಂದ ಬಂದು ಗ್ರಾನೈಟ್ ವ್ಯಾಪಾರ ಮಾಡಿ ಅರ್ಧ ಹೂಸ್ಟನ್ನಿನ ಅಡುಗೆಮನೆಗಳಿಗೆ ಕಲ್ಲು ಹಾಸಿದ ಮನುಷ್ಯ, ಜನರೇಟರಿನ ಹಗ್ಗ ಎಳೆದೆಳೆದು ಸಾಕಾಗಿ, ಸಿಟ್ಟಿನಿಂದ ಅದಕ್ಕೊಂದು ಒದೆ ಕೊಟ್ಟ. ನೋವಾದದ್ದು ಅವನ ಕಾಲಿಗೇ.

ಆ ಸದ್ದು ಕೇಳಿ ಎದುರು ಸಾಲಿನ ಲುವೆಲಾ ಬಂದಳು. ಒಂದು ಕಾಲದಲ್ಲಿ ಸ್ಕೂಲ್ ಬಸ್ ಓಡಿಸುತ್ತಿದ್ದ ಕಪ್ಪು ಮುದುಕಿ, ಈಗಲೂ ನಡಿಗೆಯಲ್ಲಿ ಅದೇ ಗತ್ತು. ಬಾಗಿಲಲ್ಲಿ ನಿಂತು ಕಾಶವ್ವನನ್ನು ನೋಡಿದಳು, ಸಿಲಿಂಡರಿನ ಮುಳ್ಳು ನೋಡಿದಳು, ತಿರುಗಿ ಹೊರಟುಹೋದಳು. ಸ್ವಲ್ಪ ಹೊತ್ತಿಗೆ ಇಬ್ಬರು ಗಂಡಸರ ಜೊತೆ, ಕೈಗಾಡಿಯ ಮೇಲೆ ಕೆಂಪು ಜನರೇಟರೊಂದನ್ನು ತಳ್ಳಿಕೊಂಡು ಬಂದಳು. ಅದು ಒಂದೇ ಎಳೆತಕ್ಕೆ ಹೊತ್ತಿಕೊಂಡಿತು. ಒಳಗೆ ಮಷಿನ್ ಗುರುಗುಟ್ಟಿತು, ಕಾಶವ್ವ ಕಣ್ಣು ಮುಚ್ಚಿ ಉಸಿರೆಳೆದಳು, ಇರಣ್ಣ ಗೋಡೆ ಹಿಡಿದುಕೊಂಡು ಅತ್ತೇಬಿಟ್ಟ.

"ಇದು ಯಾರದು, ಮಿಸ್ ಲುವೆಲಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಯಾರದು ಅಂತ ಹೇಳಲಿ? ಈಗ ನಿಮ್ಮ ಹತ್ತಿರ ಇದೆ. ಅಷ್ಟೇ."

ಇರಣ್ಣನಿಗೆ ಆಗ ನೆನಪಾಯಿತು, ಈ ಲುವೆಲಾ 'ಆ ಗುಂಪಿನವಳು' ಎಂದು. ಹತ್ತಿರದ ಏಳೆಂಟು ಮನೆಗಳ ಕ್ರೈಸ್ತರು, ಸ್ವಂತ ಚರ್ಚಿಲ್ಲ, ಭಾನುವಾರ ಯಾರದಾದರೂ ಗ್ಯಾರೇಜಿನಲ್ಲಿ ಸೇರಿ ಪ್ರಾರ್ಥನೆ. ಯೇಸುವಿನ ಮೊದಲ ಶಿಷ್ಯರ ಹಾಗೆ ಬಾಳುತ್ತೇವೆ ಎಂದು ಕಾರು, ಏಣಿ, ತೊಟ್ಟಿಲು ಎಲ್ಲವನ್ನೂ ಹಂಚಿಕೊಂಡು ಬಳಸುತ್ತಿದ್ದರು. ಇರಣ್ಣ ಇವರನ್ನು ಅರೆಹುಚ್ಚರ ಸಾಲಿಗೆ ಸೇರಿಸಿ ಮರೆತಿದ್ದ. ಊರಿನ ಮಠದ ದಾಸೋಹಕ್ಕೆ ಒಂದು ಚೀಲ ಜೋಳ ಕೊಟ್ಟರೂ ಮೈಕಿನಲ್ಲಿ ಹೆಸರು ಕೂಗಿಸಿಕೊಂಡು ಬೆಳೆದವನು, ಪಾಪ, ಇನ್ನೇನು ಮಾಡಿಯಾನು!

ಮಾರನೆಯ ದಿನ ಸೆಕೆ ಏರಿತು. ತನ್ನ ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿದ್ದ ಚಿಕ್ಕ ಕಿಟಕಿ ಎಸಿಯೊಂದನ್ನು ತಂದು ಕಾಶವ್ವನ ಕೋಣೆಗೆ ಕೂರಿಸಿ, ಹೆದರುತ್ತಲೇ ಜನರೇಟರಿಗೆ ಜೋಡಿಸಿದ. ನಡೆಯಿತು. ಆಮೇಲೆ ಫ್ರಿಜ್. ಅದೂ ನಡೆಯಿತು. ಮಧ್ಯಾಹ್ನ ಲುವೆಲಾ ಒಂದು ದೊಡ್ಡ ಪಾತ್ರೆಯ ತುಂಬ ಬೀನ್ಸ್ ಬೇಯಿಸಿಕೊಂಡು ಬಂದು, ಜನರೇಟರ್ ಹೇಗೆ ನಡೆಯುತ್ತಿದೆ ಎಂದು ವಿಚಾರಿಸಿದಳು.

"ಆಕ್ಸಿಜನ್ ಮಷಿನ್ ಒಂದನ್ನೇ ಎಳೆಯುತ್ತೆ, ಅದೂ ಕಷ್ಟಪಟ್ಟು," ಎಂದುಬಿಟ್ಟ ಇರಣ್ಣ.

ಸುಳ್ಳು ಬಾಯಿಂದ ಜಾರಿದ್ದು ದುರಾಸೆಯಿಂದಲ್ಲ, ಹೆದರಿಕೆಯಿಂದ. ಇನ್ನೂ ಶಕ್ತಿ ಉಳಿದಿದೆ ಎಂದರೆ ಬೀದಿಯವರೆಲ್ಲ ವೈರು ಹಿಡಿದುಕೊಂಡು ಬಂದಾರು. ಎಲ್ಲರ ಭಾರಕ್ಕೆ ಅದು ನಿಂತರೆ ಕಾಶವ್ವನ ಉಸಿರೂ ನಿಂತಂತೆಯೇ. ಲುವೆಲಾ ತಲೆಯಾಡಿಸಿ ಹೋದಳು. ಒಳಗಿನಿಂದ ಕಾಶವ್ವ ಕೇಳಿದಳು: "ರೀ, ಅವರ ಮನ್ಯಾಗ ಕರೆಂಟ್ ಐತೇನ್ರಿ?"

"ಐತಿ. ನೀ ಮಲಕೋ."

ಅವನೇನು ಹೋಗಿ ನೋಡಿದ್ದನೇ? ಒಂದನ್ನು ಕೊಟ್ಟವರ ಹತ್ತಿರ ಇನ್ನೊಂದು ಇರಲೇಬೇಕು ಎಂಬುದು ಅವನ ವ್ಯಾಪಾರದ ಬುದ್ಧಿ.

ಭಾನುವಾರ ಬೆಳಗ್ಗೆ ಪಾತ್ರೆ ವಾಪಸ್ ಕೊಡುವ ಮಾತು ಬಂತು. ಬೇರೆಯವರ ಮನೆಯ ಪಾತ್ರೆಯನ್ನು ಖಾಲಿ ಕಳಿಸುವುದುಂಟೇ? ಕಾಶವ್ವ ಮೂಗಿನ ನಳಿಕೆಯ ಸಮೇತ ಮಂಚದ ಮೇಲೆ ಕೂತು ಅಪ್ಪಣೆ ಕೊಟ್ಟಳು, ಇರಣ್ಣ ಶೇಂಗಾ, ಕೊಬ್ಬರಿ, ಮೆಂತ್ಯೆಹಿಟ್ಟು, ಉಳ್ಳಾಗಡ್ಡಿ ಎಲ್ಲ ಕಲಸಿ ಪಾತ್ರೆ ತುಂಬ ಹಚ್ಚಿದ ಅವಲಕ್ಕಿ ಮಾಡಿದ. ಹೊತ್ತುಕೊಂಡು ಹೋದರೆ ಲುವೆಲಾಳ ಮನೆಗೆ ಬೀಗ. ಮೂರನೆಯ ಮನೆಯ ಗ್ಯಾರೇಜಿನಲ್ಲಿ ಪ್ರಾರ್ಥನೆ ನಡೆದಿತ್ತು. ಅಲ್ಲಿದ್ದ ಲುವೆಲಾ ಕೈಮಾಡಿ ಕರೆದು ಪಕ್ಕದ ಕುರ್ಚಿ ತೋರಿಸಿದಳು, ಇರಣ್ಣ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಒಳಗೆ ಕಾದ ಹಂಚಿನ ಸೆಕೆ. ಎಲ್ಲರ ಕೈಯಲ್ಲೂ ರಟ್ಟಿನ ತುಂಡು, ಬೀಸಿಕೊಳ್ಳುತ್ತಿದ್ದರು. ಒಬ್ಬ ತಾಯಿ ಹಸುಗೂಸಿನ ಮೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಮಗುವಿಗೆ ಅಳಲೂ ತ್ರಾಣವಿದ್ದಂತಿರಲಿಲ್ಲ. ಇರಣ್ಣ ಕಿವಿಗೊಟ್ಟ. ಬೀದಿಯಲ್ಲಿ ಕೇಳುತ್ತಿದ್ದುದು ಒಂದೇ ಜನರೇಟರಿನ ಸದ್ದು, ಅವನ ಮನೆಯದು. ಇವರ ಹತ್ತಿರ ಇನ್ನೊಂದು ಇರಲೇ ಇಲ್ಲ. ಇದ್ದ ಒಂದನ್ನೇ ಕೊಟ್ಟಿದ್ದರು.

ಎದ್ದು ನಿಂತ ತರುಣಿಯೊಬ್ಬಳು ಆ ಮೊದಲ ಶಿಷ್ಯರ ಕಥೆ ಹೇಳತೊಡಗಿದಳು. ಅವರಲ್ಲಿ ಯಾರೂ ತಮ್ಮದನ್ನು ತಮ್ಮದು ಅನ್ನುತ್ತಿರಲಿಲ್ಲವಂತೆ. ಹೊಲವಿದ್ದವರು ಹೊಲ ಮಾರಿ ತಂದು ಹಿರಿಯರ ಮುಂದಿಡುತ್ತಿದ್ದರಂತೆ, ಯಾರಿಗೆ ಏನು ಬೇಕೋ ಅದು ಸಿಗುತ್ತಿತ್ತಂತೆ. ಹಾಗಿರುವಾಗ ಗಂಡಹೆಂಡಿರಿಬ್ಬರು ಹೊಲ ಮಾರಿ, ಒಂದಿಷ್ಟು ಒಳಗಿಟ್ಟುಕೊಂಡು, ಎಲ್ಲ ಇಷ್ಟೇ ಎಂದರಂತೆ. ಸುಳ್ಳಾಡಿದ ಬಾಯಿ ಮುಚ್ಚುವ ಮೊದಲೇ ಕುಸಿದು ಬಿದ್ದು ಸತ್ತರಂತೆ.

"ಇಟ್ಟುಕೊಂಡದ್ದು ತಪ್ಪಲ್ಲ," ಎಂದಳು ತರುಣಿ. "ಕೊಡಿ ಅಂತ ಅವರನ್ನು ಯಾರೂ ಕೇಳಿರಲಿಲ್ಲ. ಅದು ಅವರದೇ ಆಗಿತ್ತು. ಸುಳ್ಳಿನ ಅಗತ್ಯವೇ ಇರಲಿಲ್ಲ."

ತನಗೆಂದೇ ಹೇಳಿದರೇನೋ ಎಂದು ಇರಣ್ಣ ಸುತ್ತ ನೋಡಿದ. ಯಾರೂ ಅವನತ್ತ ನೋಡುತ್ತಿರಲಿಲ್ಲ, ಆ ವಾರದ ಬೈಬಲ್ ಪಾಠ ಪಾಳಿಯ ಪ್ರಕಾರ ಬಂದಿತ್ತು ಅಷ್ಟೇ. ಅದೇ ಅವನನ್ನು ಇನ್ನಷ್ಟು ಹೆದರಿಸಿತು. ಎದ್ದು ನಿಂತ.

"ನಮ್ಮ ಮನೆಯಲ್ಲಿ ಎಸಿ ನಡೆಯುತ್ತಿದೆ," ಎಂದ. "ಫ್ರಿಜ್ಜೂ ನಡೆಯುತ್ತಿದೆ. ಮಿಸ್ ಲುವೆಲಾ, ನಿಮಗೆ ನಾನು ಸುಳ್ಳು ಹೇಳಿದೆ."

"ಗೊತ್ತು, ಮಿಸ್ಟರ್ ಇರಣ್ಣ. ನಿಮ್ಮ ಎಸಿಯಿಂದ ನೀರು ತೊಟ್ಟಿಕ್ಕುವುದು ಬೀದಿಗೆಲ್ಲ ಕಾಣುತ್ತೆ."

"ಎಲ್ಲರಿಗೂ ಗೊತ್ತಿತ್ತಾ?"

ಮಗುವಿನ ತಾಯಿ ಹೌದೆಂದು ತಲೆಯಾಡಿಸಿದಳು. ಅವಳ ಮುಖದಲ್ಲಿ ಸಿಟ್ಟು ಹುಡುಕಿದ ಇರಣ್ಣ. ಇರಲಿಲ್ಲ. ಅಷ್ಟು ದೊಡ್ಡ ಮನಸ್ಸನ್ನು ಅವನು ಯಾವ ಗುಡಿಯಲ್ಲೂ ಕಂಡಿರಲಿಲ್ಲ.

"ಮತ್ತೆ ಯಾಕೆ ಒಬ್ಬರೂ ಬಂದು ಕೇಳಲಿಲ್ಲ?" ಎಂದ.

"ಕೇಳಿದ್ದರೆ ನೀವು ಕೊಡಲೇಬೇಕಾಗುತ್ತಿತ್ತು," ಎಂದಳು ಲುವೆಲಾ.

ಇರಣ್ಣ ಪಾತ್ರೆಯನ್ನು ಅವಳ ಕೈಗಿಟ್ಟು, ಆ ತಾಯಿಯ ಮುಂದೆ ಹೋಗಿ ಎರಡೂ ಕೈ ಚಾಚಿದ. ಅವಳು ಮಗುವನ್ನು ಕೊಟ್ಟಳು. ಮಗುವನ್ನೆತ್ತಿಕೊಂಡು ಅವನು ಮುಂದೆ ನಡೆದ, ಗ್ಯಾರೇಜಿಗೆ ಗ್ಯಾರೇಜೇ ಅವನ ಹಿಂದೆ ಬಂತು.

ಕೋಣೆಯ ತಂಪಿನಲ್ಲಿ ಕಾಶವ್ವ ಸರಿದು ಜಾಗ ಮಾಡಿಕೊಟ್ಟಳು. ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು, ಅದರ ಮೈಯ ಕಾವು ಮುಟ್ಟಿ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಇವರ ಮನ್ಯಾಗ ಕರೆಂಟ್ ಐತಿ ಅಂದಿದ್ರಿ."

"ಇಲ್ಲ," ಎಂದ ಇರಣ್ಣ. "ನಾ ನೋಡೇ ಇರಲಿಲ್ಲ."

ಅವಳು ಬೈಯಲಿಲ್ಲ. "ಹಂಗಾರ ಬಾಗಿಲದಾಗ ಯಾಕ ನಿಂತೀರಿ? ಹೊರಗಿನವರನ್ನೂ ಒಳಗ ಕರೀರಿ," ಎಂದಳು.