ಚಕ್ರದ ಕೆಳಗಿನ ಲಿಂಬೆಹಣ್ಣು

"ಬಂಗ್ಡೆ ಮೀನ್ ವಾಸನಿ ಬಪ್ಪ ಕೈಯಗೆ ವೈರ್ ಮುಟ್ಟ್ಸಿದ್ದ್ ನಂದೇ ತಪ್ಪ್!" ಕೃಷ್ಣಯ್ಯ ಹೇಳಿದ್ದು ಅಂಗಳದಲ್ಲಿದ್ದ ಎಲ್ಲರಿಗೂ ಕೇಳಿಸಿತು. "ಎಂಟ್ನೇ ಕ್ಲಾಸ್ ದಾಟುಕಾಯ್ಲಿಲ್ಲೆ, ಇಂವ ಎಲೆಕ್ಟ್ರಿಷನ್ ಅಂಬ್ರ್!"

ಬಸ್ಸಿನ ಪಕ್ಕ ಮಂಡಿಯೂರಿದ್ದ ಯತೀಶ ತಲೆ ಎತ್ತಲಿಲ್ಲ. ಪೂಜೆಗೆ ಕರೆದಿದ್ದಾರೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ.

ಬ್ರಹ್ಮಾವರದ ಆ ಅಂಗಳದಲ್ಲಿ ಹಳೆಯ ಮಿನಿಬಸ್ಸೊಂದು ಮನೆಯಾಗಿ ನಿಂತಿತ್ತು. ಒಳಗೆ ಮಂಚ, ಒಲೆ, ಫ್ರಿಜ್ಜು, ಫ್ಯಾನು. ತಾಯಿ ಸುಗುಣಮ್ಮನನ್ನು ಕಾಶಿಗೆ ಕರೆದೊಯ್ಯಲು ಕೃಷ್ಣಯ್ಯ ಮಾಡಿಸಿದ್ದು. ತೆಂಗಿನಕಾಯಿ ಒಡೆದು, ಚಕ್ರಗಳ ಕೆಳಗೆ ಲಿಂಬೆಹಣ್ಣಿಟ್ಟು, ನೆಂಟರೆಲ್ಲ ಸರಿದು ನಿಂತ ಮೇಲೆ ಕೀ ತಿರುಗಿಸಿದರೆ ಟಿಕ್ ಅಂದಿತು. ಅಷ್ಟೇ. ಲಿಂಬೆಹಣ್ಣು ಇಟ್ಟಲ್ಲೇ ಇತ್ತು. "ಕಾಯಿ ಒಡ್ದ್ ಮೇಲೆ ನಿಂತ್ರೆ ಒಳ್ಳೇದಲ್ಲ," ಎಂದು ಯಾರೋ ಗೊಣಗಿದರು.

ಯತೀಶನಿಗೆ ಆ ಕ್ಷಣವೇ ಗೊತ್ತಾಗಿತ್ತು. ಬಸ್ಸಿಗೆ ಎರಡು ಬ್ಯಾಟರಿ, ಇಂಜಿನ್ನಿಗೊಂದು, ಮನೆಗೊಂದು. ಇಂಜಿನ್ ನಿಂತ ಕೂಡಲೇ ಅವೆರಡನ್ನೂ ಬೇರೆ ಮಾಡಲು ನಡುವೆ ಒಂದು ರಿಲೇ ಇತ್ತು. ಅದನ್ನು ಕಿತ್ತು ಎರಡನ್ನೂ ನೇರ ಜೋಡಿಸಿದ್ದು ಅವನೇ. ಹಂಗಾರಕಟ್ಟೆಯ ಮೀನಿನ ಬೋಟುಗಳಲ್ಲಿ ಅವನು ಹಾಗೆಯೇ ಮಾಡುವುದು. ಕಡಲಲ್ಲಿ ದೀಪ ಉರಿಯುವಷ್ಟು ಹೊತ್ತೂ ಇಂಜಿನ್ ಓಡುತ್ತದೆ, ಬ್ಯಾಟರಿ ತುಂಬುತ್ತಲೇ ಇರುತ್ತದೆ. ನಿಂತ ಬಸ್ಸಿನಲ್ಲಿ ರಾತ್ರಿಯಿಡೀ ಫ್ರಿಜ್ಜು ಓಡಿ ಎರಡನ್ನೂ ಬರಿದು ಮಾಡೀತೆಂದು ಹೊಳೆಯಲೇ ಇಲ್ಲ. "ಅದನ್ ಎಂತಕ್ ತೆಗುದಾ?" ಎಂದು ಕೃಷ್ಣಯ್ಯ ಅವತ್ತೇ ಕೇಳಿದ್ದರು. "ಅದ್ ದಂಡ ಮರ್ರೆ. ಒಂದ್ ಸೋತ್ರೆ ಇನ್ನೊಂದ್ ಎಳಿತ್ತ್," ಎಂದು ಇವನು ನಕ್ಕಿದ್ದ.

ಈಗ ಚೀಲ ಬಿಚ್ಚಿ ಸ್ಪ್ಯಾನರ್ ತೆಗೆದ.

ಯತೀಶನ ಚಿಕ್ಕಪ್ಪ ಕೊರಗ ತನ್ನ ಮೀನಿನ ಟೆಂಪೋ ತಂದು ಬಸ್ಸಿಗೆ ಒತ್ತಿ ನಿಲ್ಲಿಸಿದ. "ನಮ್ ಅಣ್ಣನ್ ಮಗ, ಕೆಲ್ಸ ಗಟ್ಟಿ" ಎಂದು ಕೃಷ್ಣಯ್ಯನಿಗೆ ಮಾತು ಕೊಟ್ಟವನು ಅವನೇ. ಟೆಂಪೋದ ಬ್ಯಾಟರಿಯಿಂದ ಬಸ್ಸಿಗೆ ಕರೆಂಟು ಕೊಡಲು, ಯತೀಶನ ಮುಖ ನೋಡದೆ ಕೇಬಲ್ ಚಾಚಿದ.

"ಕಾಶಿಗ್ ಹೋಪುಕೂ ಬಂಗ್ಡೆ ಕರೆಂಟೇ ಬೇಕಾಯ್ತಲೆ, ಕೃಷ್ಣಯ್ಯ!" ಗೇಟಿನ ಹತ್ತಿರದಿಂದ ಒಬ್ಬರು ಕೂಗಿದರು. ಅಂಗಳವೆಲ್ಲ ನಕ್ಕಿತು.

ಯತೀಶ ಸ್ಪ್ಯಾನರನ್ನು ನೆಲಕ್ಕೆ ಕುಕ್ಕಿದ. ಎದ್ದು ನಿಂತು ನಾಲ್ಕು ಮಾತು ಬಿಸಾಡಬೇಕು. ಆದರೆ ಯಾವುದನ್ನು? ವಾಸನೆಯ ಮಾತು ಹೇಗೂ ಇರಲಿ, ತಪ್ಪಂತೂ ತನ್ನ ಕೈಯದೇ.

ಇಂಜಿನ್ ಹತ್ತಿಕೊಂಡಿತು. ಯತೀಶ ಚೀಲದ ತಳದಿಂದ ಅವತ್ತು ಕಿತ್ತಿದ್ದ ರಿಲೇ ತೆಗೆದು, ಮೊದಲು ಇದ್ದಲ್ಲೇ ಕೂರಿಸಿ ಬಿಗಿದ. ಬಸ್ಸು ಅಲುಗಿತು. ಲಿಂಬೆಹಣ್ಣುಗಳು ಒಂದೊಂದಾಗಿ ಪಚಕ್ಕೆಂದವು.

ಗೇಟಿನಲ್ಲಿ ಬಸ್ಸು ನಿಧಾನವಾಯಿತು. ಸುಗುಣಮ್ಮ ಕಿಟಕಿಯಿಂದ ತಲೆ ಹೊರಹಾಕಿ, ಚೀಲ ಹೆಗಲಿಗೇರಿಸಿ ಹೊರಟಿದ್ದವನನ್ನು ಕರೆದರು. "ಹ್ವಾಯ್ ಮಗಾ, ಬೆಳಿಗ್ಗಿಂದ ಎಂತಾರೂ ತಿಂದ್ಯಾ? ಒಳ್ಗ್ ಅವಲಕ್ಕಿ ಇತ್ತ್, ತಿಂದ್ಕಂಡ್ ಹೋಗ್."

ಅವನು ನಡೆಯುತ್ತಲೇ ಇದ್ದ. ಅವರು ಇನ್ನೊಮ್ಮೆ ಕರೆದರು. ಜಜ್ಜಿದ ಲಿಂಬೆಯ ಸಿಪ್ಪೆಯೊಂದು ಚಪ್ಪಲಿಗೆ ಅಂಟಿಕೊಂಡಿತ್ತು. ಹೆದ್ದಾರಿ ಬರುವವರೆಗೂ ಅದನ್ನು ಕೀಳಲು ಅವನು ನಿಲ್ಲಲಿಲ್ಲ.