ಹನಮೇಶನ ಅರವತ್ತೆರಡು

ಅಂಕಪಟ್ಟಿ ಹುಡುಗರ ಕೈಗೆ ಬಂದು ವಾರವಾಗಿತ್ತು. ವಿದ್ಯಾನಗರದ ಐಟಿಐ ಕಾಲೇಜಿನ ವರ್ಕ್‌ಶಾಪಿನಲ್ಲಿ ಕುಮಾರಸ್ವಾಮಿ ಮಾಸ್ತರು ವಾಯರಿನ ತುಂಡು ಆಯುತ್ತ ಕೂತಿದ್ದರು. ಅವರ ಹತ್ತಿರ ಎಲೆಕ್ಟ್ರಿಶಿಯನ್ ಕೆಲಸ ಕಲಿತ ಹನಮೇಶನ ತಾಯಿ ರುಕ್ಮವ್ವ ಬಾಗಿಲಲ್ಲಿ ಬಂದು ನಿಂತಳು. ಉಪ್ಪಿನಬೆಟಗೇರಿಯಿಂದ ಎರಡು ಬಸ್ಸು ಹತ್ತಿ ಇಳಿದು ಬಂದವಳು, ಉಡಿಯಲ್ಲಿ ಹಸಿ ಶೇಂಗಾ.

"ಮಗಾ ಪಾಸಾದ್ರ ಪೇಢೆ ತರಬೇಕ ಯವ್ವಾ, ಶೇಂಗಾ ತಂದಿಯಲ್ಲ!" ಅಂದರು ಮಾಸ್ತರು.

"ಪೇಢೆ ಆಮ್ಯಾಲ ತರ್ತೀನ್ರಿ ಸರ. ಮದ್ಲ ಒಂದು ಮಾತು ಖರೇ ಹೇಳ್ರಿ. ನನ್ನ ಮಗಾ ಕಲ್ತಾನೇನ್ರಿ?"

ಮಾಸ್ತರು ವಾಯರು ಕೆಳಗಿಟ್ಟರು. ರುಕ್ಮವ್ವ ಮುಂದುವರಿಸಿದಳು:

"ಮೊನ್ನಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಾಕ ಕುಂತಿದ್ದ. ಫ್ಯೂಜ್ ತಗದಿಲ್ಲ! ನಾ ಒದರಿ ತಗಸೇನಿ. ನಾಳಿಂದ ಗುತ್ತಿಗೆದಾರ ಕರೆಂಟಿನ ಕಂಬ ಹತ್ತಸ್ತಾನಂತ. ಮಾರ್ಕ್ಸ್ ಕಾರ್ಡ್ ಅಷ್ಟ ನೋಡ್ಯಾನ್ರಿ ಅಂವ."

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಅರ್ಥಿಂಗ್ ತಂತಿ ಕೈಯಲ್ಲಿ ಹಿಡಿದು, ಎಲ್ಲಿ ಸೇರಿಸಬೇಕೋ ತಿಳಿಯದೆ ಹನಮೇಶ ನಿಂತೇ ಇದ್ದ. ಮಾಸ್ತರು ನೂರಕ್ಕೆ ಇಪ್ಪತ್ತೆರಡು ಹಾಕಿದ್ದರು. ಪ್ರಿನ್ಸಿಪಾಲ ಶಾಂತಯ್ಯನವರು ಪಟ್ಟಿಯನ್ನು ಮತ್ತೆ ಅವರ ಮುಂದೆ ಸರಿಸಿದರು. ನೂರಕ್ಕೆ ಎಪ್ಪತ್ತು ಮಂದಿ ಪಾಸಾಗದಿದ್ದರೆ ಅನುದಾನ ಇಲ್ಲವೆಂದು ಆ ವರ್ಷ ನಿಯಮ ಬಂದಿತ್ತು. "ಮೂರು ಹುಡುಗರು ಕಡಿಮಿ ಬಿದ್ದಾರ. ಅನುದಾನ ನಿಂತ್ರ ನೀವೂ ಮನಿಗೆ, ನಾನೂ ಮನಿಗೆ. ಇನ್ನೊಮ್ಮಿ ನೋಡ್ರಿ." ಮಾಸ್ತರು ನೋಡಿದರು. ಇಪ್ಪತ್ತೆರಡು ಅರವತ್ತೆರಡಾಯಿತು.

"ಇಲ್ಲ ಯವ್ವಾ," ಅಂದರು ಈಗ, ನೆಲ ನೋಡುತ್ತ. "ಕಲ್ತಿಲ್ಲ. ಕಂಬ ಹತ್ತಾಕ ಬಿಡಬ್ಯಾಡ."

ರುಕ್ಮವ್ವ ಅಳಲಿಲ್ಲ. "ಹಂಗಾರ ಅದನ್ನ ಒಂದು ಹಾಳ್ಯಾಗ ಬರದ ಕೊಡ್ರಿ. ನಾ ಹೇಳಿದ್ರ ಮಗಾ, ಸರ ಪಾಸ್ ಮಾಡ್ಯಾರ, ನಿನಗೇನ ತಿಳೀತೈತಿ ಅಂತಾನ."

ಮಾಸ್ತರು ಪೆನ್ನು ತೆಗೆದರು. ಒಂದು ಅಂಕ ಸುಳ್ಳೆಂದು ಬರೆದರೆ ಪಟ್ಟಿಯೆಲ್ಲ ಸುಳ್ಳಾದೀತು, ಅನುದಾನವೂ ಹೋದೀತು. ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿದರು.

"ಐತವಾರ ಐತವಾರ ಅವನ್ನ ನನ್ನ ಕಡೆ ಕಳಸು. ರೊಕ್ಕ ಬ್ಯಾಡ. ನಾ ಕಲಸ್ತೀನಿ."

"ಪಾಸಾದಂವ ಮತ್ತ ಸಾಲಿಗೆ ಬರ್ತಾನೇನ್ರಿ? ರಾಶಿ ದೊಡ್ಡದು ಕಾಣ್ಲಿ ಅಂತ ಜಳ್ಳು ತೂರದ ಹಂಗ ಬಿಟ್ರಿ ಸರ." ಉಡಿಯ ಶೇಂಗಾ ಬೆಂಚಿನ ಮೇಲೆ ಸುರಿದು ಹೋದಳು.

ಮಾಸ್ತರು ಹನಮೇಶನಿಗೆ ಫೋನು ಹಚ್ಚಿದರು. "ತಮ್ಮಾ, ನಿನಗ ಖರೇ ಬಂದದ್ದು ಇಪ್ಪತ್ತೆರಡು. ನಾಳಿ ಹೋಗಬ್ಯಾಡ."

ಆ ಕಡೆ ಹುಡುಗ ಜೋರಾಗಿ ನಕ್ಕ. "ಚ್ಯಾಷ್ಟಿ ಮಾಡಬ್ಯಾಡ್ರಿ ಸರ. ಕಾರ್ಡ್ ನನ್ನ ಕೈಯಾಗ ಐತಿ. ನಿಮ್ಮ ಸೈನೂ ಐತಿ."