ಮೂಗಿ ಮೆಚ್ಚಿದ ಬಾಟಲಿ

ಹುರಿದ ಮಾಂಸದ ಜೊತೆಗೆಂದು ತೆಗೆದ ಕೆಂಪು ವೈನನ್ನು ಮೂಸಿದ ಚಿಕ್ಕಮ್ಮ ಮುಖ ಹಿಂಡಿದಳು. ನೆನೆದ ರಟ್ಟಿನ ವಾಸನೆ. ಬಿರಡೆ ಕೆಟ್ಟು ವೈನನ್ನೂ ಕೆಡಿಸಿತ್ತು. ಚೆಲ್ಲಲು ಹೊರಟವಳಿಗೆ ಅದೇನು ತುಂಟತನ ಬಂತೋ, ಅದನ್ನೂ ಎರಡು ಒಳ್ಳೆಯ ಬಾಟಲಿಗಳ ನಡುವೆ ತಂದು ನಿಲ್ಲಿಸಿದಳು. ನಮ್ಮ ಹುಡುಗಿಯ ಮೂಗು ಎಂಥದ್ದು ಅಂತ ಇವನೂ ನೋಡಲಿ.

ಇವನೆಂದರೆ ಮೇಜಿನಾಚೆ ಕೂತ ಭಾವೀ ಅಳಿಯ. ಪಕ್ಕದಲ್ಲಿ ಅಕ್ಕನ ಮಗಳು. ಮದುವೆ ಊಟಕ್ಕೆ ವೈನ್ ಆರಿಸಲು ಬಂದಿದ್ದರು. ಅಕ್ಕ ತೀರಿಕೊಂಡ ಮೇಲೆ ಹುಡುಗಿ ಬೆಳೆದದ್ದೇ ಚಿಕ್ಕಮ್ಮನ ಈ ವೈನ್ ಅಂಗಡಿಯಲ್ಲಿ. ಕೆಟ್ಟ ಬಾಟಲಿಯನ್ನು ಬಾಗಿಲಿನಿಂದಲೇ ಹಿಡಿಯುತ್ತಿದ್ದ ಆ ಮೂಗಿಗಾಗಿಯೇ ಅವಳಿಗೆ ಮೂಗಿ ಅಂತ ಹೆಸರಿಟ್ಟಿದ್ದಳು ಚಿಕ್ಕಮ್ಮ. ಮಾತು ಬಾರದವಳ ಹೆಸರು ಇವಳಿಗೇ ಎಂದು ಕೇಳಿದವರೆಲ್ಲ ನಗುತ್ತಿದ್ದರು, ಏಕೆಂದರೆ ಇವಳ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿರಲಿಲ್ಲ. "ಮೀನಿನ ಜೊತೆ ಈ ಕೆಂಪು ಕುಡಿದ್ರೆ ತುಕ್ಕು ನೆಕ್ಕಿದ ಹಾಗಿರುತ್ತೆ, ನಿಮ್ಮಿಷ್ಟ" ಎಂದು ಗಿರಾಕಿಗೆ ಮುಖದ ಮೇಲೆ ಹೊಡೆದಂತೆ ಹೇಳುವವಳು.

ಆ ಮೇಜಿಗೊಂದು ಕಟ್ಟಳೆಯಿತ್ತು. ಒಬ್ಬರ ನಾಲಿಗೆ ಇನ್ನೊಬ್ಬರದರ ಹಿಂದೆ ಹೋಗಬಾರದೆಂದು, ಮಾತಾಡದೆ ರುಚಿ ನೋಡಿ, ಮೆಚ್ಚಿದ ಬಾಟಲಿಯ ಮುಂದೆ ಗ್ಲಾಸ್ ಇಡಬೇಕು. ಬಾಯಿ ಬಿಡುವುದು ಆಮೇಲೆ.

ಮೀನಿಗೆಂದು ಬಿಳಿ ವೈನ್ ನೋಡಿದಾಗ ಹುಡುಗ ಮೀನಿಗೆ ಒಗ್ಗದಷ್ಟು ಸಿಹಿಯಾದದ್ದರ ಮುಂದೆ ಗ್ಲಾಸ್ ಇಟ್ಟಿದ್ದ. ಹುಡುಗಿಯ ಗ್ಲಾಸೂ ಅದರ ಪಕ್ಕಕ್ಕೇ ಬಂದಿತ್ತು. "ಆಹಾ, ಜೋಡಿ ಅಂದ್ರೆ ಇದಪ್ಪಾ!" ಎಂದು ಚಿಕ್ಕಮ್ಮ ಛೇಡಿಸಿದ್ದಳು. ಛೇಡಿಸಿದ ಮೇಲೆ ಯಾಕೋ ಮನಸ್ಸಿಗೆ ಸರಿಬರಲಿಲ್ಲ.

ಈಗ ಕೆಂಪು. ಹುಡುಗ ಮೂಸಲೂ ಇಲ್ಲ, ಮೂರನ್ನೂ ಗುಟುಕರಿಸಿ ಕೆಟ್ಟದ್ದರ ಮುಂದೆಯೇ ಗ್ಲಾಸ್ ಇಟ್ಟ. ಹುಡುಗಿ ಅದನ್ನು ಮೂಗಿನ ಹತ್ತಿರ ತಂದಳು. ಹೊಳ್ಳೆ ಅರಳಿತು. ಈಗ ಕಿರುಚುತ್ತಾಳೆ ಎಂದು ಚಿಕ್ಕಮ್ಮ ನಗಲು ಸಿದ್ಧಳಾದಳು. ಹುಡುಗಿ ಓರೆಗಣ್ಣಿನಿಂದ ಹುಡುಗನ ಮುಖ ನೋಡಿ, ತನ್ನ ಗ್ಲಾಸನ್ನು ಅವನ ಗ್ಲಾಸಿನ ಪಕ್ಕ ಇಟ್ಟಳು.

"ಚೆನ್ನಾಗಿದೆ" ಅಂದಳು.

ಚಿಕ್ಕಮ್ಮನ ನಗು ಅಲ್ಲೇ ನಿಂತಿತು. "ಏ ಮೂಗಿ, ಸರಿಯಾಗಿ ನೋಡೇ. ಅದು ಕೆಟ್ಟಿರೋದು."

"ಮೂಗೀನಾ?" ಹುಡುಗ ನಕ್ಕ. ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು ಅವನದು. "ಎಷ್ಟು ಒಳ್ಳೇ ಹೆಸರು. ಇನ್ಮೇಲೆ ನಾನೂ ಹಾಗೇ ಕರೀತೀನಿ." ಅವಳ ಕತ್ತಿನ ಹಿಂದೆ ಮೆಲ್ಲಗೆ ಕೈಯಿಟ್ಟ. "ಕೆಟ್ಟಿದೆ ಅಂತಾರೆ ಚಿಕ್ಕಮ್ಮ. ನಿನಗೂ ಹಾಗನ್ನಿಸ್ತಾ?"

"ಇಲ್ಲ."

"ನೋಡಿ ಚಿಕ್ಕಮ್ಮ. ಇದೇ ಇರಲಿ. ನಾನು ಕಾರು ತರ್ತೀನಿ."

ಬಾಗಿಲು ಮುಚ್ಚಿಕೊಂಡಿತು. ಚಿಕ್ಕಮ್ಮ ಮೇಜು ಬಳಸಿ ಬಂದು ಹುಡುಗಿಯ ಎರಡೂ ಕೈ ಹಿಡಿದುಕೊಂಡಳು. ತಣ್ಣಗಿದ್ದವು.

"ನಿಜ ಹೇಳು. ವಾಸನೆ ಬರ್ಲಿಲ್ವಾ?"

"ಬಂತು."

"ಮತ್ತೆ?"

"ಅವರು ಆಗ್ಲೇ ಗ್ಲಾಸ್ ಇಟ್ಟಾಗಿತ್ತಲ್ಲ ಚಿಕ್ಕಮ್ಮ."

ಇಷ್ಟೂ ತಿಳಿಯದೇ ಎಂಬಂತೆ ಹೇಳಿದಳು. ಚಿಕ್ಕಮ್ಮನಿಗೆ ಭಯವಾಯಿತು. ಅವಳ ಕತ್ತಿನ ಮೇಲೆ ಅವನ ಕೈ ಕಂಡಾಗ ಆದದ್ದಕ್ಕಿಂತ ಹೆಚ್ಚಿನ ಭಯ ಈ ಮಾತಿಗೆ ಆಯಿತು.

"ಈ ಮದುವೆ ಬೇಡ ಕಣೇ. ಜನ ಏನಾದ್ರೂ ಅಂದ್ಕೊಳ್ಳಲಿ, ನಾನಿದ್ದೀನಿ. ಇಲ್ಲೇ ಇದ್ದುಬಿಡು. ಕಾಲ ಇನ್ನೂ ಮಿಂಚಿಲ್ಲ."

ಹುಡುಗಿ ತಲೆಯೆತ್ತಿದಳು. ಏನೋ ಹೇಳಲು ಬಾಯಿ ತೆರೆದಳು.

ಹೊರಗೆ ಹಾರ್ನ್ ಒಂದೇ ಸಲ, ಚುಟುಕಾಗಿ ಕೂಗಿತು.

ಹುಡುಗಿ ಕೈ ಬಿಡಿಸಿಕೊಂಡು ಚೀಲ ಎಳೆದುಕೊಂಡಳು. ಕೋಟಿನ ಒಂದು ತೋಳಿಗಷ್ಟೇ ಕೈ ತೂರಿಸಿ, ಇನ್ನೊಂದು ನೆಲದ ಮೇಲೆ ಎಳೆಯುತ್ತಿದ್ದಂತೆಯೇ ಓಡಿದಳು. ಚಿಕ್ಕಮ್ಮ ಗಾಜಿನ ಬಾಗಿಲಿಗೆ ಬರುವಷ್ಟರಲ್ಲಿ ಅವಳು ಕಾರಿನ ಹತ್ತಿರವಿದ್ದಳು. ಅಲ್ಲಿ ಒಂದು ಗಳಿಗೆ ನಿಂತು, ಮುಖಕ್ಕೆ ನಗು ತಂದುಕೊಂಡು, ಆಮೇಲೆ ಬಾಗಿಲು ತೆರೆದಳು.